ಕನ್ನಡಿಗಳಿಂದಾದ ಬೋಗುಣಿ



ಕಳೆದ ಸಲ ಒಕ್ಕೂಟದ ಸಭೆ ಮುಗಿಸಿ ನಾವು ಏಳೆಂಟು ಮಂದಿ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಬಿಸಿಲು ಎಂದರೆ ಬಿಸಿಲು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. "ಬನ್ನಿ, ಸ್ವಲ್ಪ ಒಳಗೆ ಕೂತು ಬರುವ" ಎಂದು ನಮ್ಮಲ್ಲಿ ಒಬ್ಬರು ಎಲ್ಲರನ್ನೂ ಮಿಲಾಗ್ರಿಸ್ ಚರ್ಚಿಗೆ ಕರೆದುಕೊಂಡು ಹೋದರು. ನಮ್ಮ ಗುಂಪಿನಲ್ಲಿ ಹಿಂದೂಗಳು, ಬ್ಯಾರಿ ಅಕ್ಕಂದಿರು, ಕ್ರೈಸ್ತರು ಎಲ್ಲರೂ ಇದ್ದರು. ಬಾಗಿಲ ಹತ್ತಿರ ಕ್ರೈಸ್ತ ಸದಸ್ಯೆಯರು ಸಣ್ಣ ಬಟ್ಟಲಿನ ನೀರಿಗೆ ಬೆರಳು ಅದ್ದಿ ಶಿಲುಬೆಯ ಗುರುತು ಮಾಡಿಕೊಂಡರು. ಬೀಡಿ ಕಟ್ಟುವ ಒಬ್ಬ ಅಕ್ಕ ಮೆಲ್ಲ ಕೇಳಿದರು: "ಇದೆಂತ ನೀರು? ನಾವು ದೇವಸ್ಥಾನಕ್ಕೆ ಹೋಗುವಾಗ ಕಾಲು ತೊಳಿತೇವೆ. ಇವರು ಮಸೀದಿಯಲ್ಲಿ ಕೈ ಕಾಲು ಮುಖ ಎಲ್ಲ ತೊಳಿತಾರೆ. ನಿಮ್ಮದು ಬರೀ ಬೆರಳಾ?"

ಎಲ್ಲರೂ ನಕ್ಕೆವು. ಆದರೆ ಉತ್ತರ ಹೇಳಲು ಹೊರಟಾಗ ಕ್ರೈಸ್ತರಾದ ನಮಗೇ ಅದು ಸರಿಯಾಗಿ ಗೊತ್ತಿಲ್ಲ ಎಂದು ತಿಳಿಯಿತು. ಅದಕ್ಕೇ ಈ ತಿಂಗಳ ಪಾಠ.

ಈ ನೀರಿನ ಕಥೆ ಬಹಳ ಹಳೆಯದು. ಪವಿತ್ರ ಬೈಬಲಿನ ಎರಡನೇ ಗ್ರಂಥವಾದ ವಿಮೋಚನಾಕಾಂಡದಲ್ಲಿ ಅದು ಬರುತ್ತದೆ. ಈಜಿಪ್ಟಿನಲ್ಲಿ ಇಟ್ಟಿಗೆ ಹೊರುವ ಜೀತದಾಳುಗಳಾಗಿದ್ದ ಇಸ್ರಯೇಲರು ಮೋಶೆಯ ಹಿಂದೆ ಹೊರಟು ಸಿನಾಯ್ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿದ್ದರು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಅಂಥವರಿಗೆ ಕಲ್ಲಿನ ಗುಡಿ ಕಟ್ಟಿ ಏನು ಪ್ರಯೋಜನ? ಬಿಚ್ಚಿ, ಹೊತ್ತುಕೊಂಡು ಹೋಗಿ, ಮತ್ತೆ ನಿಲ್ಲಿಸಬಹುದಾದ ಒಂದು ಗುಡಾರವನ್ನು ದೇವರ ಆರಾಧನೆಗಾಗಿ ಮಾಡಿದರು. ಅಂಗಳದಲ್ಲಿ ತಾಮ್ರದ ಬಲಿಪೀಠ, ಅದರಾಚೆ ನೀರಿನ ಬೋಗುಣಿ. ಒಳಗೆ ಹೋದರೆ ಏಳು ದೀಪಗಳ ಚಿನ್ನದ ದೀಪಸ್ತಂಭ, 12 ರೊಟ್ಟಿಗಳನ್ನಿಡುವ ಮೇಜು, ಧೂಪವೇದಿ. ಅದರಿಂದಾಚೆ ಒಂದು ತೆರೆ. ತೆರೆಯ ಹಿಂದೆ ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಮಂಜೂಷ, ಅಂದರೆ ಜಾಲಿ ಮರಕ್ಕೆ ಚಿನ್ನದ ತಗಡು ಹೊದಿಸಿದ, ಎರಡೂವರೆ ಮೊಳ ಉದ್ದದ ಒಂದು ಪೆಟ್ಟಿಗೆ. ಅದನ್ನು ಹೊರುವ ಕೋಲುಗಳನ್ನು ಬಳೆಗಳಿಂದ ಯಾವತ್ತೂ ತೆಗೆಯಬಾರದು ಎಂದು ಕಟ್ಟಳೆ ಇತ್ತು. ದೇವರು ಯಾವ ಹೊತ್ತಿಗೂ ತನ್ನ ಜನರ ಜೊತೆ ಹೊರಡಲು ಸಿದ್ಧ ಎಂಬಂತೆ.

ಇವೆಲ್ಲ ಎಲ್ಲಿಂದ ಬಂದವು? ಜನರ ಮನೆಯಿಂದ. ಓಲೆ, ಉಂಗುರ, ಬಳೆ, ಬಟ್ಟೆ. ಹೆಂಗಸರು ತಮ್ಮ ಕೈಯಿಂದ ನೀಲಿ, ಕೆಂಪು ನೂಲು ನೂತು ತಂದರು, ಆಡಿನ ಕೂದಲನ್ನೂ ನೂತರು ಎಂದು ಬರೆದಿದೆ. ಕೊನೆಗೆ ತಂದದ್ದು ಹೆಚ್ಚಾಗಿ ಕೆಲಸದವರೇ "ಸಾಕು" ಎಂದರಂತೆ. ನಮ್ಮ ಸಂಘಗಳಲ್ಲಿ ಇಂಥ ಸಮಸ್ಯೆ ಇನ್ನೂ ಬಂದಿಲ್ಲ!

ಈಗ ಬೋಗುಣಿಯ ವಿಷಯಕ್ಕೆ ಬರೋಣ. 38ನೇ ಅಧ್ಯಾಯದಲ್ಲಿ ಒಂದೇ ಒಂದು ವಾಕ್ಯ ಉಂಟು. ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಕನ್ನಡಿಗಳಿಂದ ಆ ಬೋಗುಣಿಯನ್ನು ಮಾಡಲಾಯಿತು ಎಂದು. ಕನ್ನಡಿಯಿಂದ ಬೋಗುಣಿ ಹೇಗೆ ಎಂದು ನೀವು ಕೇಳಬಹುದು. ಆಗಿನ ಕಾಲದ ಕನ್ನಡಿ ಗಾಜಿನದ್ದಲ್ಲ, ತಾಮ್ರ ಅಥವಾ ಕಂಚಿನ ತಟ್ಟೆಯನ್ನು ಮುಖ ಕಾಣುವಷ್ಟು ಉಜ್ಜಿ ಮಾಡಿದ್ದು. ಕೇರಳದ ಆರನ್ಮುಳದಲ್ಲಿ ಇಂದಿಗೂ ಲೋಹದ ಕನ್ನಡಿ ಮಾಡುತ್ತಾರೆ, ನೋಡಿದವರಿಗೆ ಗೊತ್ತು. ಆ ತಟ್ಟೆಗಳನ್ನೇ ಕರಗಿಸಿ ಬೋಗುಣಿ ಮಾಡಿದರು. ಯಾಜಕರು ಗುಡಾರದೊಳಗೆ ಹೋಗುವ ಮೊದಲು ಅದರ ನೀರಿನಿಂದ ಕೈ ಕಾಲು ತೊಳೆಯಲೇಬೇಕು. ಮಹಾಯಾಜಕ ಆರೋನನಿಗೂ ರಿಯಾಯಿತಿ ಇಲ್ಲ.

ಯೆಹೂದ್ಯರ ಹಳೆಯ ಪರಂಪರೆಯಲ್ಲಿ ಇದರ ಬಗ್ಗೆ ಒಂದು ಚಂದದ ಕಥೆ ಇದೆ. 11ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ದೊಡ್ಡ ಪಂಡಿತರೂ ಅದನ್ನು ತಮ್ಮ ವ್ಯಾಖ್ಯಾನದಲ್ಲಿ ಹೇಳಿದ್ದಾರೆ. ಹೆಂಗಸರು ಕನ್ನಡಿ ತಂದಾಗ ಮೋಶೆಗೆ ಮನಸ್ಸಾಗಲಿಲ್ಲವಂತೆ. ಸಿಂಗಾರದ ಸಾಮಾನು ದೇವರ ಗುಡಾರಕ್ಕೆ ಯಾಕೆ ಎಂದು. ಆಗ ದೇವರು, ಇದನ್ನು ತೆಗೆದುಕೋ, ಉಳಿದೆಲ್ಲಕ್ಕಿಂತ ಇದು ನನಗೆ ಹೆಚ್ಚು ಪ್ರಿಯ ಎಂದರಂತೆ. ಕಾರಣ ಏನು? ಈಜಿಪ್ಟಿನಲ್ಲಿ ಗಂಡಸರು ದುಡಿದು ದುಡಿದು ಸೋತು, ಇನ್ನು ಬದುಕು ಬೇಡ ಎಂದು ಕೂತಿದ್ದಾಗ ಈ ಹೆಂಗಸರು ಊಟ ಕಟ್ಟಿಕೊಂಡು ಕೆಲಸದ ಜಾಗಕ್ಕೇ ಹೋಗುತ್ತಿದ್ದರು. ಅವರಿಗೆ ಉಣ್ಣಿಸಿ, ಕನ್ನಡಿ ಹಿಡಿದು, ಪಕ್ಕದಲ್ಲಿ ತಮ್ಮ ಮುಖವನ್ನೂ ತೋರಿಸಿ ನಗಿಸುತ್ತಿದ್ದರು. ಹಾಗೆ ಸಂಸಾರ ಉಳಿಯಿತು, ಮಕ್ಕಳು ಹುಟ್ಟಿದರು, ಒಂದು ಜನಾಂಗವೇ ಉಳಿಯಿತು. ಈ ಕಥೆ ಬೈಬಲಿನಲ್ಲಿ ಇಲ್ಲ, ಪರಂಪರೆಯಲ್ಲಿ ಬಂದದ್ದು. ಆದರೂ ದಿನವಿಡೀ ದುಡಿದು ಬಂದ ಗಂಡನಿಗೆ ಗಂಜಿ ಬಡಿಸಿ ಎರಡು ಒಳ್ಳೆ ಮಾತಾಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ, ಮುಖ್ಯವಾಗಿ ಸಂಘದ ಲೆಕ್ಕ ಬರೆಯುವವರಿಗೆ. ಅದೇ 38ನೇ ಅಧ್ಯಾಯದಲ್ಲಿ ಮುಂದೆ ಗುಡಾರದ ಪೂರಾ ಜಮಾ-ಖರ್ಚು ಇದೆ. ಲೆಕ್ಕ ನೋಡಿಕೊಂಡವನು ಆರೋನನ ಮಗ ಈತಾಮಾರ. 20 ವರ್ಷ ದಾಟಿದ ಪ್ರತಿಯೊಬ್ಬ ಗಂಡಸೂ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕಿತ್ತು. ಶ್ರೀಮಂತ ಹೆಚ್ಚು ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ನಮ್ಮ ವಾರದ ಉಳಿತಾಯದ ಹಾಗೆಯೇ, ಎಲ್ಲರದ್ದೂ ಸಮ. ಕೊಟ್ಟವರು 6,03,550 ಮಂದಿ. ಒಟ್ಟು ಬೆಳ್ಳಿ 100 ತಲಾಂತು 1,775 ಶೆಕೆಲ್. ಒಂದು ತಲಾಂತಿಗೆ 3,000 ಶೆಕೆಲ್. ಕ್ಯಾಲ್ಕುಲೇಟರ್ ಹಿಡಿದು ನೋಡಿ, ಲೆಕ್ಕ ಒಂದು ಪೈಸೆ ತಪ್ಪದೆ ಸರಿ ಬರುತ್ತದೆ. ಬಂದ ತಾಮ್ರ 70 ತಲಾಂತು 2,400 ಶೆಕೆಲ್. ಅದರಿಂದ ಏನೇನು ಮಾಡಿದರು ಎಂದೂ ಬರೆದಿದೆ: ಬಲಿಪೀಠ, ಅದರ ಜಾಲರಿ, ಪಾತ್ರೆಗಳು, ಕಂಬದ ಗದ್ದಿಗೆಗಳು, ಗೂಟಗಳು ಸಹ.

ಬೋಗುಣಿ ಆ ಪಟ್ಟಿಯಲ್ಲಿ ಇಲ್ಲ. ಗೂಟದ ಲೆಕ್ಕ ಉಂಟು, ಬೋಗುಣಿಯ ಲೆಕ್ಕ ಇಲ್ಲ. ಅರ್ಧ ಶೆಕೆಲ್ ಕೊಟ್ಟವರ ಎಣಿಕೆಯಲ್ಲೂ ಹೆಂಗಸರಿಲ್ಲ. ಉಳಿದ ವಸ್ತುಗಳಿಗೆ ಉದ್ದಗಲ ಅಥವಾ ತೂಕ ಹೇಳಿದೆ, ಬೋಗುಣಿಗೆ ಅದೂ ಇಲ್ಲ. ಆದರೆ ಅದು ಯಾರ ಕೈಯಿಂದ ಬಂತು ಎಂಬುದನ್ನು ಮಾತ್ರ ಬೈಬಲ್ ಮರೆಯದೆ ಬರೆದಿಟ್ಟಿದೆ.

ಇದನ್ನು ಓದುವಾಗ ನನಗೆ ನಮ್ಮದೇ ಒಂದು ಸಂಘ ನೆನಪಾಯಿತು. ಅಲ್ಲಿ ಒಬ್ಬ ಸದಸ್ಯೆ ಆರು ವರ್ಷ ಪಾಸ್ ಪುಸ್ತಕ ಹಿಡಿದು ಬ್ಯಾಂಕಿಗೆ ಓಡಾಡಿದರು. ಬಸ್ ಚಾರ್ಜು ಅವರದ್ದೇ, ಆ ದಿನದ ಬೀಡಿಯೂ ಹೋಯಿತು. ವಾರ್ಷಿಕ ಸಭೆಯಲ್ಲಿ ವರದಿ ಓದಿದಾಗ ಬ್ಯಾಂಕ್ ಬಡ್ಡಿ, ಸ್ಟೇಷನರಿ, ಚಹಾ ತಿಂಡಿ ಎಲ್ಲ ಬಂತು, ಅವರ ಹೆಸರು ಬರಲಿಲ್ಲ. ಮುಂದಿನ ವಾರ ಅವರು ಸಭೆಗೆ ಬರಲಿಲ್ಲ. ಆ ವರದಿಯನ್ನು ನೋಡಿ ಸರಿ ಎಂದು ಹೇಳಿದವಳು ನಾನೇ. ಮನೆಗೆ ಹೋಗಿ ಕರೆದೆವು, ಬಂದರು. ಆದರೆ ಪಾಸ್ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ.

ಈಗ ಯೇಸುಸ್ವಾಮಿಯ ಕಡೆಗೆ. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ತಾವು ಸಾಯುವ ಹಿಂದಿನ ರಾತ್ರಿ ಊಟದಿಂದ ಎದ್ದು, ಸೊಂಟಕ್ಕೆ ಅಂಗವಸ್ತ್ರ ಕಟ್ಟಿ, ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆಯುತ್ತಾರೆ. ಹಳೆಯ ಗುಡಾರದಲ್ಲಿ ಯಾಜಕ ತನ್ನ ಕಾಲನ್ನು ತಾನೇ ತೊಳೆದು ದೇವರ ಬಳಿಗೆ ಹೋಗಬೇಕಿತ್ತು. ಇಲ್ಲಿ ದೇವರ ಪುತ್ರನೇ ಕೆಳಗೆ ಕೂತು ಮೀನುಗಾರರ ಕಾಲು ತೊಳೆಯುತ್ತಾನೆ. ಪೇತ್ರನಿಗೆ ನಾಚಿಕೆಯಾಗಿ ಬೇಡವೇ ಬೇಡ ಎನ್ನುತ್ತಾನೆ. ಆಗ ಯೇಸು ಒಪ್ಪುವುದಿಲ್ಲ. ಕಾಲು ತೊಳೆಯುವುದು ಆ ದಿನಗಳಲ್ಲಿ ಆಳುಗಳ ಕೆಲಸ, ಲೆಕ್ಕಕ್ಕೆ ಬಾರದ ಕೆಲಸ. ಅದನ್ನೇ ಅವರು ತಮ್ಮದಾಗಿ ಮಾಡಿಕೊಂಡರು. ಚರ್ಚಿನ ಬಾಗಿಲ ಬಟ್ಟಲಿನ ನೀರು ಕ್ರೈಸ್ತರಿಗೆ ತಮ್ಮ ಜ್ಞಾನಸ್ನಾನವನ್ನು ನೆನಪಿಸುತ್ತದೆ. ಒಮ್ಮೆ ತೊಳೆಯಲ್ಪಟ್ಟವರು ನಾವು, ನಾವಾಗಿ ಶುದ್ಧರಾದವರಲ್ಲ ಎಂಬ ನೆನಪು. ಹಾಗಾಗಿ ಬೆರಳು ಸಾಕಾಗುತ್ತದೆ, ಅಕ್ಕಾ.

ಪವಿತ್ರ ಗುರುವಾರದಂದು ಗುರುಗಳು ಕಾಲು ತೊಳೆಯುವ ವಿಧಿ ಇದೇ ಘಟನೆಯ ನೆನಪು. ವಿಧಿಯ ಪುಸ್ತಕದಲ್ಲಿ ಹಿಂದೆ ಗಂಡಸರ ಕಾಲು ತೊಳೆಯಲು ಮಾತ್ರ ಅವಕಾಶವಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹುಡುಗಿಯರ ಕಾಲನ್ನೂ, ಮುಸ್ಲಿಮರ ಕಾಲನ್ನೂ ತೊಳೆದರು. 2016ರ ಜನವರಿಯಲ್ಲಿ ನಿಯಮವೇ ಬದಲಾಗಿ ಸ್ತ್ರೀಯರನ್ನೂ ಸೇರಿಸಿಕೊಳ್ಳಬಹುದು ಎಂದಾಯಿತು. ತಡವಾಯಿತು ಎನ್ನಿ, ಆದರೂ ಆಯಿತು.

ಉಳಿದ ವಸ್ತುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಚರ್ಚಿನ ಒಳಗೆ ಹಗಲಲ್ಲೂ ಉರಿಯುವ ಸಣ್ಣ ದೀಪ ಆ ದೀಪಸ್ತಂಭವನ್ನು ನೆನಪಿಗೆ ತರುತ್ತದೆ. ಅದರ ಹತ್ತಿರದ ಪೆಟ್ಟಿಗೆಯಲ್ಲಿ ಪರಮ ಪ್ರಸಾದ ಇರುತ್ತದೆ. ಮೇಜಿನ 12 ರೊಟ್ಟಿಗಳಲ್ಲಿ ಕ್ರೈಸ್ತರು ಅದರ ಮುನ್ಸೂಚನೆಯನ್ನು ಕಾಣುತ್ತಾರೆ. ತೆರೆಯಂತೂ ಯೇಸು ಪ್ರಾಣಬಿಟ್ಟಾಗ ಮೇಲಿಂದ ಕೆಳಗಿನ ತನಕ ಹರಿಯಿತು ಎಂದು ಶುಭಸಂದೇಶ ಹೇಳುತ್ತದೆ. ವರ್ಷಕ್ಕೊಮ್ಮೆ ಒಬ್ಬ ಮಹಾಯಾಜಕ ಮಾತ್ರ ಹೋಗುತ್ತಿದ್ದ ಜಾಗ ಎಲ್ಲರಿಗೂ ತೆರೆಯಿತು ಎಂದು ಅದರ ಅರ್ಥ. ಮಂಜೂಷವನ್ನು ಮಾತೆ ಮರಿಯಳಿಗೆ ಹೋಲಿಸುತ್ತಾರೆ. ಜಪಸರದ ಕೊನೆಯಲ್ಲಿ ಹೇಳುವ ಸ್ತುತಿಮಾಲೆಯಲ್ಲಿ ಅವಳಿಗೆ ಒಡಂಬಡಿಕೆಯ ಮಂಜೂಷ ಎಂಬ ಹೆಸರೂ ಇದೆ. ದಾವೀದನ ಕಾಲದಲ್ಲಿ ಮಂಜೂಷ ಒಂದು ಮನೆಯಲ್ಲಿ ಮೂರು ತಿಂಗಳಿತ್ತು. ಮರಿಯಳು ಬಸುರಿಯಾಗಿದ್ದ ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳಿದ್ದಳು. ಇದು ಕ್ರೈಸ್ತರು ಓದುವ ರೀತಿ. ಯೆಹೂದ್ಯರಿಗೆ ಇವೇ ವಸ್ತುಗಳಲ್ಲಿ ಅವರದೇ ಅರ್ಥವಿದೆ, ಅದನ್ನು ಅವರು ಇಂದಿಗೂ ಗೌರವದಿಂದ ಕಾಯ್ದುಕೊಂಡಿದ್ದಾರೆ.

ಆ ವಸ್ತುಗಳೆಲ್ಲ ಈಗ ಎಲ್ಲಿವೆ ಎಂದು ಬಸ್ಸಿನಲ್ಲಿ ಒಬ್ಬರು ಕೇಳಿದರು. ಯಾವುದೂ ಇಲ್ಲ. ಗುಡಾರದ ನಂತರ ಜೆರುಸಲೇಮಿನಲ್ಲಿ ಕಲ್ಲಿನ ದೇವಾಲಯ ಬಂತು. ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿನವರು ಅದನ್ನು ಸುಟ್ಟು, ಅದರ ತಾಮ್ರವನ್ನೆಲ್ಲ ಒಡೆದು ಹೊತ್ತುಕೊಂಡು ಹೋದರು. ಮತ್ತೆ ಕಟ್ಟಿದ ದೇವಾಲಯವನ್ನು ಕ್ರಿಸ್ತಶಕ 70ರಲ್ಲಿ ರೋಮನರು ಕೆಡವಿದರು. ದೀಪಸ್ತಂಭವನ್ನು ಹೊತ್ತು ಮೆರವಣಿಗೆ ಹೋಗುವ ಚಿತ್ರ ರೋಮಿನ ಟೈಟಸ್ ಕಮಾನಿನಲ್ಲಿ ಈಗಲೂ ಕೆತ್ತಿದಂತೇ ಇದೆ. ನಾವು ಕೂತಿದ್ದ ಮಿಲಾಗ್ರಿಸ್ ಚರ್ಚಿನ ಕಥೆಯೂ ಸ್ವಲ್ಪ ಹಾಗೆಯೇ. 1680ರಲ್ಲಿ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಕಟ್ಟಿಸಿದ ಮೊದಲ ಚರ್ಚು 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನೆಲಸಮವಾಯಿತು, ಜನರು ಶ್ರೀರಂಗಪಟ್ಟಣದಲ್ಲಿ ಸೆರೆಯಾದರು. 1799ರ ನಂತರ ಉಳಿದವರು ಊರಿಗೆ ಬಂದು ಪುನಃ ಕಟ್ಟಿದರು. ಹಳೇ ಗಾಯ ಕೆದಕಲಿಕ್ಕೆ ಇದನ್ನು ಹೇಳುವುದಲ್ಲ. ಚರ್ಚು ಇಲ್ಲದ ಅಷ್ಟು ವರ್ಷ ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ತಾಯಂದಿರೂ ಇದ್ದಿರಲೇಬೇಕು, ಅವರ ಹೆಸರು ಯಾವ ಪುಸ್ತಕದಲ್ಲಿ ಹುಡುಕುವುದು ಎಂದು ನನಗೆ ಅನಿಸಿತು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಸಂಗ್ರಹ ಆದ ಮೇಲೆ ಹತ್ತು ನಿಮಿಷ ಇದಕ್ಕೆ ಇಡಿ. ಬ್ಯಾಂಕಿಗೆ ಹೋಗುವವರು ಯಾರು, ಚಾಪೆ ಹಾಸುವವರು ಯಾರು, ಸದಸ್ಯೆಯ ಮಗು ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕೂತವರು ಯಾರು ಎಂದು ಒಬ್ಬೊಬ್ಬರಾಗಿ ಹೇಳಲಿ. ಹೇಳಿದ್ದನ್ನು ನಿರ್ಣಯ ಪುಸ್ತಕದ ಒಂದು ಪುಟದಲ್ಲಿ, ದಿನಾಂಕ ಹಾಕಿ, ಹೆಸರು ಸಮೇತ ಬರೆಯಿರಿ. ಬರೆಯಲು ಬಾರದವರ ಹೆಸರು ಬಿಟ್ಟುಹೋಗದ ಹಾಗೆ ಪ್ರತಿನಿಧಿಗಳು ನೋಡಿಕೊಳ್ಳಿ.