ನೀಲಿಯ ಬಾನಿ

ಮಂಜಿಷ್ಠದ ಬೇರನ್ನು ಕುದಿಸಿದರೆ ಅದರ ಕೆಂಪು ನೀರಿಗೆ ಇಳಿಯುತ್ತದೆ. ನೀಲಿ ಹಾಗಲ್ಲ. ನೀಲಿಗಿಡದ ಎಲೆಗಳನ್ನು ನೀರಿನಲ್ಲಿ ನೆನೆಯಿಟ್ಟು, ಆ ನೀರನ್ನು ಚೆನ್ನಾಗಿ ಕಡೆದು, ತಳದಲ್ಲಿ ನಿಂತ ಗಸಿಯನ್ನು ಒಣಗಿಸಿ ಬಿಲ್ಲೆ ಮಾಡುತ್ತಾರೆ. ಈ ಬಿಲ್ಲೆಯನ್ನು ಎಷ್ಟೇ ನುಣ್ಣಗೆ ಅರೆದು ಕುದಿಸಿದರೂ ಅದು ನೀರಿನಲ್ಲಿ ಕರಗದು. ಅಪಕರ್ಷಣ ಕ್ರಿಯೆಗೆ ಒಳಗಾದಾಗ ಮಾತ್ರ ಅದು ಕ್ಷಾರದ ನೀರಿನಲ್ಲಿ ಕರಗಿ, ಹಸಿರು ಬೆರೆತ ಹಳದಿಯಾಗುತ್ತದೆ. ಅದರಲ್ಲಿ ಅದ್ದಿ ಎತ್ತಿದ ನೂಲು ಗಾಳಿ ಸೋಕಿದೊಡನೆ ನೋಡನೋಡುತ್ತಿರುವಂತೆಯೇ ನೀಲಿಗೆ ತಿರುಗುತ್ತದೆ.

ಈ ಅಪಕರ್ಷಣವನ್ನು ನಡೆಸುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಅವುಗಳನ್ನು ಸಾಕುವುದೇ ಬಣ್ಣಗಾರನ ವಿದ್ಯೆ. ತಮಿಳುನಾಡು, ಆಂಧ್ರಪ್ರದೇಶಗಳ ಬಣ್ಣಗಾರರು ಇದಕ್ಕೆ ನೆಚ್ಚಿಕೊಂಡದ್ದು ತಗಚೆಯ ಬೀಜವನ್ನು. ಮಳೆ ಬಿದ್ದೊಡನೆ ದಾರಿಯ ಬದಿಯಲ್ಲಿ ತಾನಾಗಿ ಹುಟ್ಟುವ, ಕರಾವಳಿಯವರು ಎಳೆಯ ಸೊಪ್ಪನ್ನು ಅಡುಗೆಗೆ ಬಳಸುವ ಗಿಡವೇ ಅದು. ಬೀಜವನ್ನು ಮೆತ್ತಗೆ ಬೇಯಿಸಿ, ಆರಿಸಿ, ನೆಲದಲ್ಲಿ ಹೂತ ಬಾನಿಯೊಳಗೆ ಅರೆದ ನೀಲಿ ಮತ್ತು ಸುಣ್ಣದ ತಿಳಿಯೊಡನೆ ಸೇರಿಸುತ್ತಾರೆ. ಕೆಲವು ದಿನಗಳಲ್ಲಿ ಬಾನಿ ಹುದುಗುತ್ತದೆ. ಮೇಲೆ ತಾಮ್ರದ ಹೊಳಪಿನ ಪೊರೆ, ನೀಲಿ ನೊರೆ, ಕೆಳಗೆ ಹಳದಿ ಹಸಿರಿನ ದ್ರವ: ಇವು ಬಾನಿ ಹದಕ್ಕೆ ಬಂದುದರ ಗುರುತುಗಳು. ಹುದುಗುವಾಗ ಆಮ್ಲ ಹುಟ್ಟುವುದರಿಂದ ಆಗಾಗ ಸುಣ್ಣ ಕೂಡಿಸಬೇಕು. ಸುಣ್ಣ ಹೆಚ್ಚಾದರೆ ಬ್ಯಾಕ್ಟೀರಿಯಗಳು ಸೊರಗುತ್ತವೆ. ಕಡಿಮೆಯಾದರೆ ಬಾನಿ ಹುಳಿತು ಕೆಡುತ್ತದೆ. ಕೆಟ್ಟ ಬಾನಿಯೆಂದರೆ ಬೆಲೆಬಾಳುವ ನೀಲಿಯೂ ಹಲವು ದಿನಗಳ ದುಡಿಮೆಯೂ ಮಣ್ಣುಪಾಲಾದಂತೆ.

ತಗಚೆಯ ಬೀಜ ಬ್ಯಾಕ್ಟೀರಿಯಗಳಿಗೆ ಆಹಾರ ಎಂಬುದು ಸುಲಭವಾಗಿ ತಿಳಿಯುವ ಮಾತು. ಆದರೆ ಆಹಾರವಷ್ಟೇ ಬೇಕಿದ್ದರೆ ಬೆಲ್ಲವೋ ತವುಡೋ ಸಾಕಾಗುತ್ತಿತ್ತು. ಜಪಾನಿನ ಬಣ್ಣಗಾರರು ಗೋಧಿಯ ತವುಡನ್ನೇ ಹಾಕುತ್ತಾರೆ. ಯುರೋಪಿನಲ್ಲಿ ಹಿಂದೆ ತವುಡಿನ ಜೊತೆಗೆ ಮಂಜಿಷ್ಠದ ಜಾತಿಯ ಬೇರಿನ ಪುಡಿಯನ್ನೂ ಹಾಕುತ್ತಿದ್ದರು. ನೀಲಿಯ ಬಾನಿಗೆ ಕೆಂಪು ಬಣ್ಣದ ಬೇರೇಕೆ?

ಉತ್ತರ ದೊರೆತದ್ದು ಬಹಳ ತಡವಾಗಿ. ಯುರೋಪಿನ ನೀಲಿಗಿಡವಾದ ವೋಡಿನ ಬಾನಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದಕ್ಕೆ 1999ರಲ್ಲಿ ಕ್ಲಾಸ್ಟ್ರೀಡಿಯಂ ಐಸಾಟಿಡಿಸ್ ಎಂದು ಹೆಸರಿಟ್ಟರು. ಮುಂದಿನ ಕೆಲವೇ ವರ್ಷಗಳಲ್ಲಿ, ಆ ಬೇರಿನ ಪುಡಿ ಬೆರೆಸಿದಾಗ ಈ ಬ್ಯಾಕ್ಟೀರಿಯ ನೀಲಿಯನ್ನು ಹೆಚ್ಚು ಬೇಗ ಅಪಕರ್ಷಿಸುವುದು ಪ್ರಯೋಗಗಳಲ್ಲಿ ಕಂಡುಬಂದಿತು. ಬೇರಿನಲ್ಲಿರುವ ಆಂಥ್ರಾಕ್ವಿನೋನ್ ಎಂಬ ವರ್ಗದ ಪದಾರ್ಥಗಳು ಬ್ಯಾಕ್ಟೀರಿಯದಿಂದ ಎಲೆಕ್ಟ್ರಾನುಗಳನ್ನು ಪಡೆದು, ಕರಗದೆ ಕುಳಿತ ನೀಲಿಯ ಕಣಕ್ಕೆ ಮುಟ್ಟಿಸುತ್ತವೆ. ನದಿಯ ಎರಡು ದಡಗಳ ನಡುವೆ ಓಡಾಡುವ ದೋಣಿಯಂತೆ. ತಗಚೆಯ ಬೀಜದಲ್ಲಿಯೂ ಇದೇ ವರ್ಗದ ಪದಾರ್ಥಗಳಿವೆ. ಎಂದಮೇಲೆ ಆ ಬೀಜ ಊಟವನ್ನೂ ದೋಣಿಯನ್ನೂ ಒಟ್ಟಿಗೆ ಒದಗಿಸುತ್ತದೆಂದು ಭಾವಿಸಲು ಆಧಾರವಿದೆ.

1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಬಳಿಕ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕ ಬಳಕೆಗೆ ಬಂದು, ದಿನಗಟ್ಟಲೆ ಕಾಯಬೇಕಾದ ಕೆಲಸವನ್ನು ಗಂಟೆಯೊಳಗೆ ಮುಗಿಸಿತು. ಅದರ ಕೊಳೆನೀರು ಮಾತ್ರ ಹಳ್ಳಕೊಳ್ಳಗಳಿಗೆ ಒಳ್ಳೆಯದಲ್ಲ. ಹುದುಗಿನ ಬಾನಿಯನ್ನು ಉಳಿಸಿಕೊಂಡ ಬಣ್ಣಗಾರರು ಇಂದಿಗೂ ಕೆಲವೆಡೆ ಇದ್ದಾರೆ. ಹೊಸ ಬಾನಿ ಹೂಡುವಾಗ ಅವರು ಹಳೆಯದರ ನೀರನ್ನು ಹಾಲಿಗೆ ಹೆಪ್ಪಿನಂತೆ ಸೇರಿಸುತ್ತಾರೆ. ಆ ನೀರು ಸಿಗದಿದ್ದರೆ ಬೇಯಿಸಿದ ತಗಚೆಯೊಡನೆ ಮೊದಲಿನಿಂದ ಕಾಯಬೇಕು.