ಪಾಠ: ಕೋರ್ಟಿನ ಕಾಗದ ಬಂತು

ಔರಾದ ತಾಲೂಕಿನ ಒಂದು ಹಳ್ಳಿ ಎಂದು ತಿಳಿಯೋಣ. ಅಲ್ಲಿ ಒಬ್ಬ ಅಕ್ಕ ಇದ್ದಾಳೆ. ಗಂಡ ವಿಚ್ಛೇದನ ಕೇಳಿ ಬೀದರಿನ ಕೋರ್ಟಿಗೆ ಹೋಗಿದ್ದಾನೆ. ಈಗ ಇನ್ನೊಂದು ಅರ್ಜಿ ಹಾಕಿದ್ದಾನೆ. ಭಾಲ್ಕಿಯ ಪ್ಲಾಟು ಅಕ್ಕನ ಹೆಸರಿನಲ್ಲಿದೆ. ಅದನ್ನು ಆಕೆ ಮಾರಬಾರದಂತೆ. ಮೈಮೇಲಿನ ಬಂಗಾರ ತನಗೆ ಕೊಡಬೇಕಂತೆ.

ಅಕ್ಕ ಹೆದರಿದಳು. ಕಾಗದವನ್ನು ಟ್ರಂಕಿನಲ್ಲಿ ಮುಚ್ಚಿಟ್ಟಳು. "ನಾ ಹೋಗ್ಲಿಲ್ಲಂದ್ರ ಕೇಸು ಅಲ್ಲೇ ನಿಲ್ತದ" ಅಂದಳು.

ಇದು ಸರಿಯೇ? ಸರಿಯಲ್ಲ. ನಾವು ಹೋಗದಿದ್ದರೂ ಕೇಸು ನಡೆಯುತ್ತದೆ. ಕೋರ್ಟು ಗಂಡನ ಮಾತು ಮಾತ್ರ ಕೇಳಿ ಆದೇಶ ಮಾಡಬಹುದು.

ಹಾಗಾದರೆ ಏನು ಮಾಡಬೇಕು?

ಮೊದಲು ಕಾಗದ ಓದಬೇಕು. ಯಾವ ಕೋರ್ಟು? ಕೇಸಿನ ನಂಬರು ಎಷ್ಟು? ತಾರೀಖು ಯಾವುದು? ನೋಟೀಸು ಮುಟ್ಟಿತು ಎಂದು ಸಹಿ ಮಾಡಿದರೆ ಗಂಡನ ಮಾತು ಒಪ್ಪಿದಂತಲ್ಲ. ಆದರೆ ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ ಸಹಿ ಮಾಡಬಾರದು.

ಆಮೇಲೆ ವಕೀಲರನ್ನು ಕಾಣಬೇಕು. ರೊಕ್ಕ ಇಲ್ಲವೇ? ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ. ಬೀದರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಭಾಲ್ಕಿ, ಔರಾದಗಳಲ್ಲಿ ತಾಲೂಕು ಸಮಿತಿಗಳಿವೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು.

ವಕೀಲರು ನಮ್ಮ ಪರವಾಗಿ ಉತ್ತರ ಬರೆಯುತ್ತಾರೆ. ಅದಕ್ಕೆ ತಕರಾರು ಎನ್ನುತ್ತಾರೆ. ಅರ್ಜಿಯ ಒಂದೊಂದು ಮಾತಿಗೂ ಉತ್ತರ ಬೇಕು. ಸುಳ್ಳಿದ್ದರೆ ಸುಳ್ಳು ಎನ್ನೋಣ. ನಿಜವಿದ್ದರೆ ಒಪ್ಪೋಣ. ಜೊತೆಗೆ ಪುರಾವೆ ಬೇಕು. ಪ್ಲಾಟಿನ ಖರೀದಿ ಪತ್ರ, ಬ್ಯಾಂಕಿನ ಪಾಸ್‌ಬುಕ್, ಬಂಗಾರದ ರಸೀದಿ, ಮದುವೆಯ ಫೋಟೊ ಹುಡುಕಿ ಇಡೋಣ. ಎಲ್ಲದರ ಜೆರಾಕ್ಸ್ ಮಾಡಿಸೋಣ.

ಬಂಗಾರ ಯಾರದು? ಮದುವೆಯಲ್ಲಿ ತವರಿನವರು ನಮಗೆ ಕೊಟ್ಟದ್ದು ಸ್ತ್ರೀಧನ. ಅದು ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದೆ.

ಗಂಡನ ಹೆಸರಿನ ಹೊಲದ ಮಾತು ಬೇರೆ. ವಿಚ್ಛೇದನ ಆದ ಮಾತ್ರಕ್ಕೆ ಅದರಲ್ಲಿ ಅರ್ಧ ಪಾಲು ಬರುವುದಿಲ್ಲ. ಆದರೆ ಕೇಸು ನಡೆಯುವಾಗಲೇ ಹೊಟ್ಟೆಬಟ್ಟೆಗೆ ಜೀವನಾಂಶ ಕೇಳಬಹುದು. ಗಂಡನ ಮನೆಯಲ್ಲೇ ಇದ್ದರೆ, ಕಾನೂನಿನ ದಾರಿ ಬಿಟ್ಟು ನಮ್ಮನ್ನು ಹೊರಗೆ ಹಾಕುವಂತಿಲ್ಲ. ಇದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಮಾತು.

ತೊಗರಿ ರಾಶಿ ಇರಲಿ, ಜಾತ್ರೆ ಇರಲಿ, ತಾರೀಖು ತಪ್ಪಿಸಬಾರದು.

ಅಕ್ಕ ಟ್ರಂಕು ತೆಗೆದಳು. ಅಕ್ಷರ ಕೂಡಿಸಿ ಕೂಡಿಸಿ ಕಾಗದ ಓದಿದಳು. ತಾರೀಖಿಗೆ ಇನ್ನೂ ಒಂಬತ್ತು ದಿನ ಇತ್ತು. ಮರುದಿನ ಬೀದರಿನ ಬಸ್ಸು ಹತ್ತಿದಳು.

ಹೇಳಿರಿ:
1. ಅಕ್ಕ ಮೊದಲು ಮಾಡಿದ ತಪ್ಪು ಯಾವುದು?
2. ಉಚಿತ ವಕೀಲರು ಎಲ್ಲಿ ಸಿಗುತ್ತಾರೆ?

ಓದಿ ಬರೆಯಿರಿ: ನೋಟೀಸು, ತಾರೀಖು, ತಕರಾರು, ಪುರಾವೆ, ಸಹಿ.