34 ಜಿಬಿ ಎಲ್ಲಿ ಹೋಯಿತು? ಲಿನಕ್ಸ್ ಆಜ್ಞೆಗಳಿಂದ ಯಂತ್ರಾಂಶ ಗುರುತಿಸುವ ಒಂದು ಪಾಠ

ತರಗತಿ: 9. ಅವಧಿ: 40 ನಿಮಿಷ. ವಿಧಾನ: ಪ್ರಾತ್ಯಕ್ಷಿಕೆ ಮತ್ತು ಗುಂಪು ಚಟುವಟಿಕೆ.

ಪೂರ್ವಜ್ಞಾನ ಮತ್ತು ಉದ್ದೇಶ

ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯಲ್ಲಿ ಉಬುಂಟು ಇರುವ ಆರು ಕಂಪ್ಯೂಟರ್‌ಗಳಿದ್ದವು. ಸಿಪಿಯು, ರ‍್ಯಾಮ್, ಹಾರ್ಡ್‌ಡಿಸ್ಕ್ ಎಂಬ ಹೆಸರುಗಳು ಮಕ್ಕಳಿಗೆ ಬಾಯಿಪಾಠವಾಗಿದ್ದವು. ತಮ್ಮ ಮುಂದಿನ ಯಂತ್ರದಲ್ಲಿ ಅವು ಎಷ್ಟೆಷ್ಟಿವೆ ಎಂದು ಕೇಳಿದರೆ ಮಾತ್ರ ಕ್ಯಾಬಿನೆಟ್ ಮೇಲೆ ಅಂಟಿಸಿದ ಚೀಟಿ ಓದುತ್ತಿದ್ದರು. ಕ್ಯಾಬಿನೆಟ್ ಬಿಚ್ಚದೆ, ಯಂತ್ರವನ್ನೇ ಕೇಳಿ ತಿಳಿಯಲು ಕಲಿಸುವುದು ನನ್ನ ಉದ್ದೇಶವಾಗಿತ್ತು.

ಪಾಠದ ಬೆಳವಣಿಗೆ

ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಎಲ್‌ಎಸ್’ ಎಂದರೆ ಪಟ್ಟಿ ಮಾಡು ಎಂದು ಮೊದಲೇ ತಿಳಿಸಿದ್ದರಿಂದ ಮಕ್ಕಳಿಗೆ ಆಜ್ಞೆಗಳು ಬೇಗ ನೆನಪಿನಲ್ಲಿ ಉಳಿದವು.

ಮೊದಲು ‘ಎಲ್‌ಎಸ್‌ಸಿಪಿಯು’. ಸಿಪಿಯು 4 ಎಂದು ಬಂದೊಡನೆ ಎಲ್ಲರೂ ನಾಲ್ಕು ಕೋರ್ ಎಂದರು. ಕೆಳಗಿನ ಸಾಲುಗಳನ್ನು ಓದಿಸಿದೆ: ಸಾಕೆಟ್ 1, ಸಾಕೆಟ್‌ಗೆ ಕೋರ್ 2, ಕೋರ್‌ಗೆ ಥ್ರೆಡ್ 2. ಗುಣಿಸಿದರೆ 4. ನಿಜವಾದ ಕೋರ್‌ಗಳು ಎರಡೇ ಎಂದು ಅವರೇ ತೀರ್ಮಾನಿಸಿದರು.

ನಂತರ ‘ಫ್ರೀ -ಎಚ್’. ಚೀಟಿಯಲ್ಲಿ 4 ಜಿಬಿ, ಪರದೆಯಲ್ಲಿ 3.7. ಒಳಗೇ ಇರುವ ಗ್ರಾಫಿಕ್ಸ್ ಮತ್ತು ಕರ್ನಲ್ ಮೊದಲೇ ಕಾಯ್ದಿರಿಸಿಕೊಂಡ ಭಾಗ ಈ ಲೆಕ್ಕದಲ್ಲಿ ಬರುವುದಿಲ್ಲ ಎಂದು ವಿವರಿಸಿದೆ. ‘ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ’ ಕೊಟ್ಟಾಗ ಒಂದು ಸ್ಲಾಟ್‌ನಲ್ಲಿ 4 ಜಿಬಿ ಇದೆ, ಇನ್ನೊಂದು ಖಾಲಿ ಎಂದು ತಿಳಿಯಿತು. ಇದಕ್ಕೆ ನಿರ್ವಾಹಕರ ಪಾಸ್‌ವರ್ಡ್ ಬೇಕು. ಶಿಕ್ಷಕರೇ ಮಾಡಿ ತೋರಿಸುವುದು ಒಳ್ಳೆಯದು.

ನಾನು ಎಡವಿದ್ದು

‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟಾಗ 500 ಜಿಬಿ ಡಿಸ್ಕ್ 465.8 ಎಂದು ತೋರಿಸಿತು. “ಮಿಸ್, 34 ಜಿಬಿ ಎಲ್ಲಿ ಹೋಯ್ತು?” ಎಂದು ಒಬ್ಬ ಹುಡುಗ ಕೇಳಿದ. ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಬರೆದುಕೊಳ್ಳುತ್ತಿದ್ದರು. “ಆಪರೇಟಿಂಗ್ ಸಿಸ್ಟಂ ಬಳಸಿಕೊಂಡಿದೆ” ಎಂದುಬಿಟ್ಟೆ.

ಐದು ನಿಮಿಷದಲ್ಲಿ ಒಬ್ಬ ಹುಡುಗಿ ಲ್ಯಾಬಿನ 16 ಜಿಬಿ ಖಾಲಿ ಪೆನ್‌ಡ್ರೈವ್ ಸಿಕ್ಕಿಸಿ ಅದೇ ಆಜ್ಞೆ ಕೊಟ್ಟಳು. ಬಂದದ್ದು 14.9. “ಇದರಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ ಮಿಸ್?” ಎಂದಳು. ನನ್ನ ಉತ್ತರ ತಪ್ಪಾಗಿತ್ತು. ಆ ಆಜ್ಞೆ ತೋರಿಸುವುದು ಸಾಧನದ ಪೂರ್ಣ ಗಾತ್ರವನ್ನು, ಉಳಿದ ಜಾಗವನ್ನಲ್ಲ. “ನಾಳೆ ತಿಳಿದುಕೊಂಡು ಬಂದು ಹೇಳುತ್ತೇನೆ” ಎಂದೆ.

ಮರುದಿನ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ತಯಾರಕರ ಗಿಗಾಬೈಟ್ ಎಂದರೆ 1000×1000×1000 ಬೈಟ್. ಈ ಆಜ್ಞೆಯ ಎಣಿಕೆ 1024×1024×1024. 500×1000³ ಅನ್ನು 1024³ರಿಂದ ಭಾಗಿಸಿದರೆ 465.7 ಬರುತ್ತದೆ. ಡಿಸ್ಕ್‌ನಲ್ಲಿ 500ಕ್ಕಿಂತ ತುಸು ಹೆಚ್ಚೇ ಇರುವುದರಿಂದ 465.8. ಬೈಟ್ ಒಂದೂ ಕಳೆದಿಲ್ಲ, ಅಳತೆಗೋಲು ಬೇರೆ. ಆ ಹುಡುಗಿಯಿಂದಲೇ ಪೆನ್‌ಡ್ರೈವಿನ ಲೆಕ್ಕ ಮಾಡಿಸಿದೆ.

ಮೌಲ್ಯಮಾಪನ

“1 ಟಿಬಿ ಡಿಸ್ಕ್‌ಗೆ ಪರದೆ ಎಷ್ಟು ಜಿ ತೋರಿಸಬಹುದು?” ಎಂದು ಕೇಳಿದೆ. ಆರರಲ್ಲಿ ಐದು ಗುಂಪುಗಳು ಸುಮಾರು 931 ಎಂದು ಬರೆದವು.

ಆತ್ಮಾವಲೋಕನ

“ಮೊದಲ ದಿನವೇ ಗೊತ್ತಿಲ್ಲ ಎಂದಿದ್ದರೆ, ಹುಡುಕುವ ಕೆಲಸ ಮಕ್ಕಳದೂ ಆಗುತ್ತಿತ್ತು” ಎಂದು ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಈಗ ಪಾಠ ಯೋಜನೆಯನ್ನು ತಿದ್ದಿದ್ದೇನೆ. ಮೊದಲ ಹತ್ತು ನಿಮಿಷ ಚೀಟಿಯ ಅಂಕಿ ಮತ್ತು ಪರದೆಯ ಅಂಕಿಯನ್ನು ಎರಡು ಕಲಂಗಳಲ್ಲಿ ಬರೆಸುತ್ತೇನೆ. ವ್ಯತ್ಯಾಸ ಬಂದಲ್ಲಿ ಮೂರನೆಯ ಕಲಂನಲ್ಲಿ ಮಕ್ಕಳು ತಮ್ಮ ಊಹೆಯನ್ನೂ ಅದನ್ನು ಪರೀಕ್ಷಿಸುವ ದಾರಿಯನ್ನೂ ಬರೆಯುತ್ತಾರೆ. ಈ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳು ಒಂದು ಖಾಲಿ ಪೆನ್‌ಡ್ರೈವನ್ನು ಬೋಧನೋಪಕರಣಗಳ ಪಟ್ಟಿಗೆ ಸೇರಿಸಿಕೊಳ್ಳಲಿ.